ಪಂಪ್‌ಸೆಟ್ ಪದೇ ಪದೇ ಟ್ರಿಪ್ ಆಗ್ತಿದೆಯಾ? ಕರೆಂಟಿನ ದೋಷವೋ ಸವಕಳಿಯೋ, ಪತ್ತೆ ಮಾಡುವ ಬಗೆ

ಫೆಬ್ರವರಿ ಕೊನೆ, ಮಾರ್ಚ್ ಮೊದಲು. ಚಿಕ್ಕಮಗಳೂರಿನ ಆಲ್ದೂರು, ಮೂಡಿಗೆರೆ ಕಡೆಯ ರೊಬಸ್ಟಾ ಕಾಫಿ ತೋಟಗಳಲ್ಲಿ ಮೊಗ್ಗು ಬಲಿತು ನಿಂತಿರುತ್ತದೆ, ಮಳೆ ಮಾತ್ರ ಬಂದಿರುವುದಿಲ್ಲ. ಕೆರೆಯಿಂದ ನೀರೆತ್ತಿ ಸ್ಪ್ರಿಂಕ್ಲರ್‌ನಲ್ಲಿ ಒಂದು, ಒಂದೂವರೆ ಇಂಚು ಬ್ಲಾಸಂ, ಅಂದರೆ ಹೂ ಅರಳಿಸುವ ನೀರು ಕೊಡಬೇಕು. ಎರಡು ಮೂರು ವಾರ ಬಿಟ್ಟು ಬ್ಯಾಕಿಂಗ್, ಅಂದರೆ ಎರಡನೇ ನೀರು. ಮಳೆಗಾಲವಿಡೀ ಸುಮ್ನೆ ಕೂತಿದ್ದ ಪಂಪಿಗೆ ಕೆಲಸ ಬೀಳುವುದೇ ಆಗ. ಸರಿಯಾಗಿ ಅದೇ ಹೊತ್ತಿಗೆ ಮೋಟರ್ ಟ್ರಿಪ್ ಆಗಲು ಶುರು ಮಾಡುತ್ತದೆ.

ಆಗ ಒಬ್ಬೊಬ್ಬರದು ಒಂದೊಂದು ಮಾತು. ತೋಟದ ಲೆಕ್ಕ ನೋಡುವ ರೈಟರ್ "ಕರೆಂಟೇ ಸರಿ ಇಲ್ಲ" ಅನ್ನುತ್ತಾರೆ. ಪಂಪ್ ಮೆಕ್ಯಾನಿಕ್ "ಇಂಪೆಲ್ಲರ್ ಸವೆದಿದೆ" ಅನ್ನುತ್ತಾನೆ (ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರವೇ ಇಂಪೆಲ್ಲರ್). ರಿವೈಂಡಿಂಗ್ ಅಂಗಡಿಯವರು "ಕಾಯಿಲ್ ವೀಕ್ ಆಗಿದೆ, ಬಿಚ್ಚಿ ತನ್ನಿ" ಅನ್ನುತ್ತಾರೆ. ಮೂವರೂ ಸುಳ್ಳು ಹೇಳುತ್ತಿಲ್ಲ. ಅವರವರಿಗೆ ಗೊತ್ತಿರುವ ಕಡೆಯಿಂದ ನೋಡುತ್ತಿದ್ದಾರೆ, ಅಷ್ಟೇ. ಆದರೆ ದುಡ್ಡು ಹೋಗುವುದು ತೋಟದ ಯಜಮಾನರಾದ ಗೌಡ್ರದ್ದು.

ವೈರಿನ ಸುತ್ತ ಹಿಡಿದು ಆಂಪ್ಸ್ ಅಳೆಯುವ ಒಂದು ಟಾಂಗ್ ಟೆಸ್ಟರ್, ಒಂದು ಮಲ್ಟಿಮೀಟರ್, ಡೆಲಿವರಿ ಪೈಪಿನ ಮೇಲೆ ಒಂದು ಪ್ರೆಶರ್ ಗೇಜ್. ಇಷ್ಟಿದ್ದರೆ ಹೆಚ್ಚಿನ ಸಲ ಮೋಟರ್ ಬಿಚ್ಚುವ ಮೊದಲೇ ದೋಷ ಎಲ್ಲಿದೆ ಎಂದು ಹೇಳಬಹುದು. ಇಲ್ಲಿ ಬರೆದಿರುವುದು ಕಪ್ಲಿಂಗ್ ಅಥವಾ ಬೆಲ್ಟ್ ಹಾಕಿದ ಮೂರು ಫೇಸಿನ ಸೆಂಟ್ರಿಫ್ಯೂಗಲ್ ಪಂಪಿಗೆ. ಮೋಟರೂ ಪಂಪೂ ಒಂದೇ ಶಾಫ್ಟಿನಲ್ಲಿರುವ ಮಾನೋಬ್ಲಾಕ್‌ಗೂ ಬಹುಪಾಲು ಹೊಂದುತ್ತದೆ. ಬೋರ್‌ವೆಲ್‌ನ ಸಬ್‌ಮರ್ಸಿಬಲ್ ಕಥೆ ಬೇರೆ, ಅದನ್ನು ಇಲ್ಲಿ ತಂದಿಲ್ಲ.

ಮೊದಲು ಜೋಪಾನದ ಮಾತು. ಪಂಪ್ ಹೌಸಿನ ನೆಲ ಯಾವಾಗಲೂ ಒದ್ದೆ. ವೈರ್ ಮುಟ್ಟುವ ಕೆಲಸ ಇದ್ದರೆ ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ಕ್ಯಾರಿಯರ್ ಮೂರನ್ನೂ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಬಾಗಿಲಲ್ಲಿ ಒಬ್ಬರು ನಿಂತಿರಲಿ. ಕಂಬದ ಮೇಲೆ, ಟಿಸಿ (ಟ್ರಾನ್ಸ್‌ಫಾರ್ಮರ್) ಹತ್ತಿರ ಏನೇ ಇದ್ದರೂ ಲೈನ್‌ಮನ್ ಕೆಲಸ. ಫ್ಯೂಸ್ ಹಾಕಲು ನೀವೇ ಹತ್ತಬೇಡಿ, ಆಳನ್ನೂ ಹತ್ತಿಸಬೇಡಿ.

ಆರು ಅಂಕಿ ಬರೆದುಕೊಳ್ಳಿ

ಪಂಪ್ ಓಡುತ್ತಿರುವಾಗ, ಲೋಡ್ ಪೂರ್ತಿ ಇರುವಾಗ, ಸ್ಟಾರ್ಟರ್‌ಗೆ ಬರುವ ಮೂರು ವೈರಿನ ಆಂಪ್ಸ್ ಮತ್ತು ಮೂರು ಜೋಡಿಯ ವೋಲ್ಟೇಜ್ ತೆಗೆದುಕೊಳ್ಳಿ. ಮೂರು ಫೇಸಿಗೆ ಆರ್, ವೈ, ಬಿ ಎಂದು ಹೆಸರು; ಜೋಡಿ ಅಂದರೆ ಆರ್-ವೈ, ವೈ-ಬಿ, ಬಿ-ಆರ್. ಒಟ್ಟು ಆರು ಅಂಕಿ. ಜೊತೆಗೆ ಮೋಟರಿನ ನೇಮ್ ಪ್ಲೇಟ್ ಮೇಲಿನ ಆಂಪ್ಸ್. 10 ಎಚ್‌ಪಿ ಮೋಟರಿಗೆ 415 ವೋಲ್ಟ್‌ನಲ್ಲಿ ಅದು ಹೆಚ್ಚೂ ಕಡಿಮೆ 14 ಆಂಪ್ಸ್ ಇರುತ್ತದೆ. ಪ್ಲೇಟ್ ಬಿದ್ದು ಹೋಗಿದ್ದರೆ ಎಚ್‌ಪಿಗೆ 1.4 ಆಂಪ್ಸ್ ಎಂಬ ಲೆಕ್ಕ ಕೆಲಸಕ್ಕೆ ಸಾಕು.

ಈಗ ಅಂಕಿ ನೋಡಿ. ಮೂರು ಆಂಪ್ಸೂ ಹೆಚ್ಚೂ ಕಡಿಮೆ ಸಮ, ಆದರೆ ಮೂರೂ ಪ್ಲೇಟಿಗಿಂತ ಜಾಸ್ತಿ, ವೋಲ್ಟೇಜ್ ಚೆನ್ನಾಗಿದೆ: ದೋಷ ಪಂಪಿನ ಕಡೆ ಇದೆ. ಪಂಪಿಗೆ ಫೇಸ್ ಗೊತ್ತಿಲ್ಲ, ಅದು ಎಳೆದರೆ ಮೂರರಿಂದಲೂ ಸಮನಾಗಿ ಎಳೆಯುತ್ತದೆ. ಒಂದು ಫೇಸ್ ಎದ್ದು ಇನ್ನೊಂದು ಬಿದ್ದಿದ್ದರೆ ದೋಷ ಕರೆಂಟಿನ ಕಡೆ, ಅಥವಾ ಮೋಟರಿನ ವೈಂಡಿಂಗ್‌ನಲ್ಲಿ. ಮೂರೂ ಸಮನಾಗಿ ಜಾಸ್ತಿ ಇದ್ದು ಮೂರು ವೋಲ್ಟೇಜೂ ಬಿದ್ದಿದ್ದರೆ ಲೋ ವೋಲ್ಟೇಜ್. ವೋಲ್ಟೇಜ್ ನೂರಕ್ಕೆ 10ರಷ್ಟು ಬಿದ್ದರೆ ಅದೇ ಲೋಡಿಗೆ ಆಂಪ್ಸ್ ಅಷ್ಟೇ ಏರುತ್ತದೆ, ಮೋಟರಿನ ತಿರುಗುವ ಬಲ ಮಾತ್ರ ನೂರಕ್ಕೆ 81ಕ್ಕೆ ಇಳಿಯುತ್ತದೆ. ಅದಕ್ಕೇ ಲೋ ವೋಲ್ಟೇಜ್‌ನಲ್ಲಿ ಮೋಟರ್ ಸ್ಟಾರ್ಟ್ ಆಗಲು ಒದ್ದಾಡುವುದು.

ಆಂಪ್ಸ್ ಪ್ಲೇಟಿಗಿಂತ ಕಡಿಮೆಯೇ ಇದೆ, ಆದರೂ ಟ್ರಿಪ್ ಆಗ್ತಿದೆ ಅಂದರೆ ಸ್ಟಾರ್ಟರ್ ಪೆಟ್ಟಿಗೆ ನೋಡಿ. ಅದು ಮುಂದೆ ಬರುತ್ತದೆ.

ಫೇಸ್ ಏರುಪೇರು: ಸಣ್ಣ ವೋಲ್ಟೇಜ್, ದೊಡ್ಡ ಪೆಟ್ಟು

ಇಲ್ಲಿ ಸ್ವಲ್ಪ ನಿಲ್ಲಬೇಕು. ಯಾಕೆಂದರೆ ನಮ್ಮ ಕಡೆ ಮೋಟರ್ ಸುಡುವುದರಲ್ಲಿ ದೊಡ್ಡ ಪಾಲು ಇದರದ್ದೇ, ಮತ್ತು ಮಲ್ಟಿಮೀಟರಲ್ಲಿ ನೋಡಿದರೆ "ವೋಲ್ಟೇಜ್ ಚೆನ್ನಾಗೇ ಇದೆಯಲ್ಲ" ಅನ್ನಿಸುತ್ತದೆ.

ಮೂಡಿಗೆರೆ ರಸ್ತೆಯ ಒಂದು ತೋಟದ ಪಂಪಿನ ಅಂಕಿಗಳನ್ನೇ ಕೊಡುತ್ತೇನೆ. 10 ಎಚ್‌ಪಿ. ಬೆಳಿಗ್ಗೆ ಆರೂವರೆಯಿಂದ ಎಂಟರ ಒಳಗೆ ಟ್ರಿಪ್ ಆಗುತ್ತಿತ್ತು, ಮಧ್ಯಾಹ್ನ ಆರಾಮಾಗಿ ಓಡುತ್ತಿತ್ತು. ಬೆಳಗಿನ ಹೊತ್ತಲ್ಲಿ ಅಳೆದಾಗ ವೋಲ್ಟೇಜ್ 408, 396, 411. ಆಂಪ್ಸ್ ಆರ್‌ನಲ್ಲಿ 15.3, ವೈನಲ್ಲಿ 12.2, ಬಿಯಲ್ಲಿ 14.5.

ಲೆಕ್ಕ ಹೀಗೆ. ಮೂರು ವೋಲ್ಟೇಜಿನ ಸರಾಸರಿ 405. ಸರಾಸರಿಯಿಂದ ಅತಿ ದೂರ ಇರುವುದು 396, ಅಂದರೆ 9 ವೋಲ್ಟ್. 9ನ್ನು 405ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ನೂರಕ್ಕೆ 2.2. ಇದು ವೋಲ್ಟೇಜಿನ ಏರುಪೇರು. ಆಂಪ್ಸಿಗೂ ಇದೇ ಲೆಕ್ಕ ಮಾಡಿ. ಸರಾಸರಿ 14, ದೂರದ್ದು 12.2, ಏರುಪೇರು ನೂರಕ್ಕೆ ಸುಮಾರು 13. ನೋಡಿ, ವೋಲ್ಟೇಜಿನಲ್ಲಿ 2 ಇದ್ದದ್ದು ಆಂಪ್ಸಿನಲ್ಲಿ ಆರು ಪಟ್ಟಾಯಿತು.

ಯಾಕೆ ಆರು ಪಟ್ಟು? 1918ರಲ್ಲಿ ಚಾರ್ಲ್ಸ್ ಫೋರ್ಟೆಸ್ಕ್ಯೂ ಎಂಬ ಎಂಜಿನಿಯರ್ ಇದಕ್ಕೊಂದು ದಾರಿ ತೋರಿಸಿದ. ಏರುಪೇರಾದ ಮೂರು ಫೇಸನ್ನು ಸಮನಾದ ತಂಡಗಳಾಗಿ ಬಿಡಿಸಬಹುದು. ಒಂದು ತಂಡ ಮೋಟರನ್ನು ಮುಂದಕ್ಕೆ ತಿರುಗಿಸುತ್ತದೆ. ಇನ್ನೊಂದು ಸಣ್ಣ ತಂಡ ಹಿಂದಕ್ಕೆ ತಿರುಗಿಸಲು ನೋಡುತ್ತದೆ. ಎತ್ತುಗಳು ಗಾಡಿಯನ್ನು ಮುಂದಕ್ಕೆ ಎಳೆಯುವಾಗ ಹಿಂದೆ ಒಂದು ಕರು ಕಟ್ಟಿ ಅದು ಹಿಂದಕ್ಕೆ ಜಗ್ಗಿದ ಹಾಗೆ. ಗಾಡಿ ಮುಂದಕ್ಕೇ ಹೋಗುತ್ತದೆ, ಎತ್ತು ಜಾಸ್ತಿ ಬೆವರುತ್ತದೆ. ಈ ಹಿಂದಿನ ತಂಡದ ಕಣ್ಣಿಗೆ ರೋಟರ್ ಎದುರು ದಿಕ್ಕಿಗೆ ಓಡುತ್ತಿದೆ, ಹಾಗಾಗಿ ಮೋಟರ್ ಅದಕ್ಕೆ ಸ್ಟಾರ್ಟ್ ಆಗುವ ಹೊತ್ತಿನಷ್ಟೇ ಕಡಿಮೆ ತಡೆ ಕೊಡುತ್ತದೆ. ಸ್ಟಾರ್ಟಿಂಗ್ ಆಂಪ್ಸ್ ಓಡುವ ಆಂಪ್ಸಿನ ಆರು ಪಟ್ಟು ಅಲ್ವಾ? ಅದೇ ಆರು ಇಲ್ಲಿ ಬಂದು ಕೂರುವುದು.

ಬಿಸಿಯ ಲೆಕ್ಕ ಇನ್ನೂ ಕೆಟ್ಟದ್ದು. ಏರುಪೇರಿನ ಅಂಕಿಯನ್ನು ಅದರಿಂದಲೇ ಗುಣಿಸಿ, ಎರಡರಿಂದ ಗುಣಿಸಿ. ವೈಂಡಿಂಗ್ ಬಿಸಿ ಏರುವಿಕೆ ನೂರಕ್ಕೆ ಅಷ್ಟು ಜಾಸ್ತಿಯಾಗುತ್ತದೆ. 2.2ಕ್ಕೆ ಸುಮಾರು 10, 3ಕ್ಕೆ 18, 5ಕ್ಕೆ 50. ಇನ್ಸುಲೇಷನ್ ಆಯಸ್ಸು ಪ್ರತಿ 10 ಡಿಗ್ರಿ ಬಿಸಿಗೆ ಅರ್ಧವಾಗುತ್ತದೆ ಎಂಬುದು ಹಳೆಯ ನಂಬಿಕೆಯ ಲೆಕ್ಕ. ನೂರಕ್ಕೆ 1ರ ಒಳಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. 1 ದಾಟಿದರೆ ಮೋಟರಿನ ಮೇಲಿನ ಲೋಡ್ ಇಳಿಸಬೇಕು. 5 ದಾಟಿದರೆ ಓಡಿಸಲೇಬಾರದು.

ಸರಿ, ಏರುಪೇರು ಇದೆ. ಅದು ಲೈನಿನದ್ದೋ ಮೋಟರಿನದ್ದೋ? ಇದಕ್ಕೊಂದು ಚೆಂದದ ಪರೀಕ್ಷೆ ಇದೆ, ಖರ್ಚೂ ಇಲ್ಲ. ಮೇನ್ ಇಳಿಸಿ, ಮೋಟರಿಗೆ ಹೋಗುವ ಮೂರು ವೈರನ್ನು ಒಂದೊಂದು ಮನೆ ಮುಂದಕ್ಕೆ ಸರಿಸಿ. ಆರ್‌ನಲ್ಲಿದ್ದದ್ದು ವೈಗೆ, ವೈನಲ್ಲಿದ್ದದ್ದು ಬಿಗೆ, ಬಿಯಲ್ಲಿದ್ದದ್ದು ಆರ್‌ಗೆ. ಮೂರನ್ನೂ ಸರಿಸಿದರೆ ತಿರುಗುವ ದಿಕ್ಕು ಬದಲಾಗುವುದಿಲ್ಲ. ಎರಡನ್ನು ಮಾತ್ರ ಅದಲು ಬದಲು ಮಾಡಿದರೆ ಪಂಪ್ ಉಲ್ಟಾ ತಿರುಗುತ್ತದೆ, ಹುಷಾರು. ಮೊದಲು ಕಡಿಮೆ ವೋಲ್ಟೇಜಿನಲ್ಲಿ ಶುರು ಮಾಡಿ ಆಮೇಲೆ ಪೂರ್ತಿ ಕೊಡುವ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಆದರೆ ಮೋಟರಿನ ಆರು ವೈರಿಗೆ ಕೈ ಹಾಕಬೇಡಿ, ಸ್ಟಾರ್ಟರ್‌ಗೆ ಬರುವ ಮೂರನ್ನೇ ಸರಿಸಿ. ಮತ್ತೆ ಆನ್ ಮಾಡಿ ಆಂಪ್ಸ್ ಅಳೆಯಿರಿ, ಲೈನಿನ ಬದಿಯಲ್ಲಿ. ಜಾಸ್ತಿ ಆಂಪ್ಸ್ ಮೊದಲಿದ್ದ ಫೇಸಿನಲ್ಲೇ ಉಳಿದರೆ ದೋಷ ಲೈನಿನದ್ದು. ವೈರಿನ ಜೊತೆಗೇ ಪಕ್ಕದ ಫೇಸಿಗೆ ಹೋದರೆ ದೋಷ ಮೋಟರಿನೊಳಗೆ.

ಆ ತೋಟದಲ್ಲಿ ವೈರ್ ಸರಿಸಿದ ಮೇಲೂ ಆರ್‌ನಲ್ಲಿ 15.2, ವೈನಲ್ಲಿ 12.3, ಬಿಯಲ್ಲಿ 14.4. ಕದಲಲೇ ಇಲ್ಲ. "ಹಂಗಾರೆ ಮೋಟರ್ ಬಿಚ್ಚೋದು ಬೇಡ್ವಾ ಸಾರ್?" ಎಂದು ರೈಟರ್ ಕೇಳಿದರು. ಬೇಡ. ಅದೇ ಟಿಸಿಯ ಮೇಲೆ ಆಳುಗಳ ಲೈನ್ ಮನೆಗಳೂ ಇದ್ದವು. ಬೆಳಿಗ್ಗೆ ನೀರು ಕಾಯಿಸುವ ಕಾಯಿಲ್, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ಎಲ್ಲ ಒಟ್ಟಿಗೇ. ಆ ಮನೆಗಳಷ್ಟೂ ವೈ ಮತ್ತು ಬಿ ಫೇಸಿನ ಮೇಲೇ ಬಿದ್ದಿದ್ದವು. ಲೈನ್‌ಮನ್ ಬಂದು ಮೂರು ಫೇಸಿಗೂ ಹಂಚಿದ ಮೇಲೆ ಏರುಪೇರು ನೂರಕ್ಕೆ 1ರ ಒಳಗೆ ಬಂತು. ಬೆಳಗಿನ ಟ್ರಿಪ್ಪೂ ನಿಂತಿತು. ದೂರು ಕೊಡುವಾಗ "ಕರೆಂಟ್ ಸರಿ ಇಲ್ಲ" ಅನ್ನಬೇಡಿ. ಹೊತ್ತು, ಮೂರು ವೋಲ್ಟೇಜ್, ಮೂರು ಆಂಪ್ಸ್ ಬರೆದುಕೊಡಿ. ಅಂಕಿ ಕೈಯಲ್ಲಿದ್ದರೆ ಮಾತು ಬೇಗ ಮುಗಿಯುತ್ತದೆ.

ಒಂದು ಫೇಸ್ ಪೂರ್ತಿ ಹೋದಾಗಿನ ಗುರುತು ಬೇರೆ. ಓಡುವ ಮೋಟರಿಗೆ ಒಂದು ಫೇಸ್ ತಪ್ಪಿದರೆ ಉಳಿದೆರಡರಲ್ಲಿ ಆಂಪ್ಸ್ ಸುಮಾರು 1.7 ಪಟ್ಟಾಗುತ್ತದೆ. ಆದರೆ ಆಗ ಮಲ್ಟಿಮೀಟರ್ ನಂಬಬೇಡಿ. ತಿರುಗುತ್ತಿರುವ ಮೋಟರೇ ಹೋದ ಫೇಸಿನ ಮೇಲೆ ವೋಲ್ಟೇಜ್ ಹುಟ್ಟಿಸುತ್ತದೆ, ಮೀಟರ್ ಎಲ್ಲ ಸರಿ ಇರುವ ಹಾಗೆ ತೋರಿಸುತ್ತದೆ. ಟೆಸ್ಟರಿನ ದೀಪವೂ ಉರಿಯುತ್ತದೆ. ಮೋಟರ್ ನಿಲ್ಲಿಸಿ ಅಳೆಯಿರಿ. ಪ್ರತಿ ಫೇಸನ್ನೂ ನ್ಯೂಟ್ರಲ್‌ಗೆ ಹಿಡಿದು ನೋಡಿ. ಎರಡು ಫೇಸ್ ಸರಿ ಇದ್ದು ಒಂದು ಪೂರ್ತಿ ಸತ್ತಿದ್ದರೆ ನಿಮ್ಮ ಕಡೆಯ ಫ್ಯೂಸೋ, ಟಿಸಿಯ ಎಲ್‌ಟಿ (ಕಡಿಮೆ ವೋಲ್ಟೇಜ್ ಕಡೆಯ) ಫ್ಯೂಸೋ ಹೋಗಿದೆ. ಒಂದು ಫೇಸ್ ಸರಿ ಇದ್ದು ಎರಡು ಸುಮಾರು ಅರ್ಧಕ್ಕೆ ಬಿದ್ದಿದ್ದರೆ ಟಿಸಿಯ 11 ಕೆವಿ ಕಡೆಯ ಒಂದು ಫ್ಯೂಸ್ ಹೋಗಿದೆ. ನಮ್ಮ 11 ಕೆವಿ, 433 ವೋಲ್ಟ್ ಟಿಸಿಗಳ 11 ಕೆವಿ ಕಡೆಯ ಸುತ್ತು ಡೆಲ್ಟಾ, ಅಂದರೆ ಮೂರು ಸುತ್ತನ್ನು ತ್ರಿಕೋನದ ಹಾಗೆ ಜೋಡಿಸಿದ್ದು, ಅದಕ್ಕೇ ಹೀಗೆ. ಫೋನಿನಲ್ಲೇ ಇದನ್ನು ಹೇಳಿದರೆ ಲೈನ್‌ಮನ್ ಸರಿಯಾದ ಫ್ಯೂಸ್ ವೈರ್ ಹಿಡಿದೇ ಬರುತ್ತಾರೆ.

ಸ್ಟಾರ್ಟರ್ ಪೆಟ್ಟಿಗೆ

ಮಲೆನಾಡಿನ ಸ್ಟಾರ್ಟರ್ ಪೆಟ್ಟಿಗೆ ಅಂದರೆ ಇರುವೆಗೆ, ಹಲ್ಲಿಗೆ ಬಾಡಿಗೆ ಇಲ್ಲದ ಮನೆ. ಕಾಂಟ್ಯಾಕ್ಟಿನ ಮಧ್ಯೆ ಒಂದು ಇರುವೆ ಸುಟ್ಟು ಕೂತರೂ ಆ ಫೇಸಿಗೆ ತಡೆ ಬೀಳುತ್ತದೆ. ಬಿಚ್ಚದೆ ಗೊತ್ತಾಗಬೇಕಾದರೆ ಮೋಟರ್ ಓಡುವಾಗ ಕಾಂಟ್ಯಾಕ್ಟರಿನ ಒಳಬದಿ ಹೊರಬದಿಯ ಮಧ್ಯೆ, ಅದೇ ಫೇಸಿನಲ್ಲಿ, ವೋಲ್ಟೇಜ್ ಅಳೆಯಿರಿ. ಮೂರೂ ಹೆಚ್ಚೂ ಕಡಿಮೆ ಸೊನ್ನೆ ಇರಬೇಕು. ಒಂದು ಮಾತ್ರ ಎದ್ದು ಕಂಡರೆ ಕಳ್ಳ ಅದೇ.

ಇನ್ನು ಆಂಪ್ಸ್ ಮಿತಿ ಮೀರಿದರೆ ಮೋಟರನ್ನು ಟ್ರಿಪ್ ಮಾಡುವ ಓವರ್‌ಲೋಡ್ ರಿಲೇ. ಸ್ಟಾರ್-ಡೆಲ್ಟಾ ಸ್ಟಾರ್ಟರ್‌ನಲ್ಲಿ ರಿಲೇ ಸಾಮಾನ್ಯವಾಗಿ ಡೆಲ್ಟಾದ ಒಳಗೆ ಕೂತಿರುತ್ತದೆ. ಅಲ್ಲಿ ಹರಿಯುವುದು ಲೈನ್ ಆಂಪ್ಸಿನ 0.58 ಪಾಲು ಮಾತ್ರ. 14.5 ಆಂಪ್ಸಿನ ಮೋಟರಿಗೆ ಅಲ್ಲಿ ಇಡಬೇಕಾದ್ದು 8.4. ಎಷ್ಟೋ ಕಡೆ ಅದನ್ನು 14ಕ್ಕೆ ತಿರುಗಿಸಿ ಇಟ್ಟಿರುತ್ತಾರೆ, "ಟ್ರಿಪ್ ಆಗ್ತಿತ್ತು, ಸರಿ ಮಾಡಿದೀವಿ" ಅಂತ. ಅದು ಸರಿ ಮಾಡಿದ್ದಲ್ಲ, ಕಾವಲುಗಾರನನ್ನು ಮನೆಗೆ ಕಳಿಸಿದ್ದು. ಉಲ್ಟಾ ಕೂಡ ನೋಡಿದ್ದೇನೆ. ಮೋಟರನ್ನು ನೇರ ಲೈನಿಗೆ ಜೋಡಿಸುವ ಡಿಒಎಲ್ ಸ್ಟಾರ್ಟರ್‌ಗೆ 8.4 ಇಟ್ಟು ಪಂಪನ್ನು ಬೈಯುವವರೂ ಇದ್ದಾರೆ.

ಮೋಟರಿನೊಳಗೆ

ಜೂನ್‌ನಿಂದ ಜನವರಿವರೆಗೆ ನಿಂತ ಮೋಟರಿಗೆ ಶೀತ ಹೊಡೆದಿರುತ್ತದೆ. ಸೀಸನ್ನಿನ ಮೊದಲ ದಿನ ನೇರ ಆನ್ ಮಾಡುವ ಬದಲು ಇನ್ಸುಲೇಷನ್ ಅಳೆಯುವ 500 ವೋಲ್ಟ್ ಮೆಗ್ಗರ್‌ನಲ್ಲಿ ವೈಂಡಿಂಗ್‌ಗೂ ಬಾಡಿಗೂ ಮಧ್ಯೆ ನೋಡಿ. 1 ಮೆಗಾಓಮ್‌ಗಿಂತ ಕಡಿಮೆ ಇದ್ದರೆ ಆನ್ ಮಾಡಲೇಬೇಡಿ. ಟರ್ಮಿನಲ್ ಬಾಕ್ಸ್ ತೆರೆದು, ಹತ್ತಿರ ಒಂದು ಹಳೇ ಕಾಲದ 100 ವ್ಯಾಟ್ ಬಲ್ಬ್ ಹಚ್ಚಿ, ಗೋಣಿ ಮುಚ್ಚಿ ಒಂದೆರಡು ದಿನ ಬಿಡಿ. ಬಲ್ಬ್ ಗೋಣಿಗೆ ತಾಗದ ಹಾಗೆ ಇಡಿ.

ಕಪ್ಲಿಂಗ್ ಬಿಚ್ಚಿ ಬರೀ ಮೋಟರ್ ಓಡಿಸಿದರೆ ಪ್ಲೇಟ್ ಆಂಪ್ಸಿನ ಮೂರರಲ್ಲೊಂದು ಪಾಲಿನಿಂದ ಅರ್ಧದ ಒಳಗೆ ಬರಬೇಕು. ಅದಕ್ಕಿಂತ ತುಂಬಾ ಜಾಸ್ತಿ ಬಂದರೆ ಹಿಂದಿನ ರಿವೈಂಡಿಂಗ್‌ನಲ್ಲಿ ಸುತ್ತು ಕಡಿಮೆ ಹಾಕಿರಬಹುದು. ಲೋಡಿನಲ್ಲಿ ಆಂಪ್ಸ್ ಮೀಟರಿನ ಅಂಕಿ ಉಯ್ಯಾಲೆಯಾಡುತ್ತಾ, ಮೋಟರ್ ತಾಳಕ್ಕೆ ಗುಂಯ್‌ಗುಡುತ್ತಿದ್ದರೆ ರೋಟರಿನ ಬಾರ್ ಬಿರುಕು ಬಿಟ್ಟಿರುವ ಅನುಮಾನ. ದೊಡ್ಡ ಕಾರ್ಖಾನೆಗಳಲ್ಲಿ ಇದನ್ನು ಕರೆಂಟಿನ ಅಲೆ ಬಿಡಿಸಿ ಹಿಡಿಯುತ್ತಾರೆ. 1,440 ಸುತ್ತಿನ ಮೋಟರಾದರೆ 50 ಹರ್ಟ್ಸ್‌ನ ಅಕ್ಕಪಕ್ಕ, 46 ಮತ್ತು 54ರಲ್ಲಿ ಎರಡು ಸಣ್ಣ ಗೋಪುರ ಏಳುತ್ತವೆ. ತೋಟದ ಪಂಪಿಗೆ ಅಷ್ಟೆಲ್ಲ ಬೇಕಿಲ್ಲ, ಕಿವಿ ಸಾಕು.

ಪಂಪಿನ ಕಡೆ: ಒಂದು ವಾಲ್ವ್ ಮುಚ್ಚಿ ನೋಡಿ

ಮೂರು ಆಂಪ್ಸೂ ಸಮನಾಗಿ ಜಾಸ್ತಿ, ಅಥವಾ ಆಂಪ್ಸ್ ಸರಿ ಇದ್ದರೂ ಸ್ಪ್ರಿಂಕ್ಲರ್ ದೂರ ಹಾರುತ್ತಿಲ್ಲ. ಮಾಡಬೇಕಾದ್ದು ಒಂದೇ ಕೆಲಸ: ಪಂಪ್ ಓಡುತ್ತಿರುವಾಗ ಡೆಲಿವರಿ ವಾಲ್ವ್ ಪೂರ್ತಿ ಮುಚ್ಚಿ, ಗೇಜ್ ನೋಡಿ, ಆಂಪ್ಸ್ ನೋಡಿ, ಕೂಡಲೇ ತೆರೆಯಿರಿ. ಅರ್ಧ ನಿಮಿಷಕ್ಕಿಂತ ಜಾಸ್ತಿ ಬೇಡ, ಒಳಗಿನ ನೀರು ಬಿಸಿಯಾಗಲು ಶುರುವಾಗುತ್ತದೆ.

ಮುಚ್ಚಿದಾಗ ಆಂಪ್ಸ್ ಚೆನ್ನಾಗಿ ಇಳಿಯಬೇಕು. ನೀರು ಹೋಗದಿದ್ದರೆ ಸೆಂಟ್ರಿಫ್ಯೂಗಲ್ ಪಂಪಿಗೆ ಕೆಲಸ ಕಡಿಮೆ. ಇಳಿಯಲೇ ಇಲ್ಲವೆಂದರೆ ಎಲ್ಲೋ ಉಜ್ಜುತ್ತಿದೆ. ಬೇರಿಂಗ್ ಹಿಡಿದಿದೆ, ಶಾಫ್ಟ್ ಬಾಗಿದೆ, ಅಥವಾ ಶಾಫ್ಟಿನ ಸುತ್ತ ನೀರು ತಡೆಯುವ ಗ್ಲ್ಯಾಂಡ್ ಅತಿ ಬಿಗಿಯಾಗಿದೆ. ಈ ಗ್ಲ್ಯಾಂಡ್ ವಿಷಯ ನಮ್ಮಲ್ಲಿ ತುಂಬಾ. ನೀರು ತೊಟ್ಟಿಕ್ಕುವುದು ಕಂಡರೆ ಸ್ಪ್ಯಾನರ್ ಹಿಡಿದು ಬಿಗಿ ಮಾಡುತ್ತಾರೆ. ಗ್ಲ್ಯಾಂಡ್ ಪ್ಯಾಕಿಂಗ್ ತೊಟ್ಟಿಕ್ಕಲೇಬೇಕು, ನಿಮಿಷಕ್ಕೆ 40ರಿಂದ 60 ಹನಿ. ಆ ನೀರೇ ಅದಕ್ಕೆ ತಂಪು, ಅದೇ ಎಣ್ಣೆ.

ಆಂಪ್ಸ್ ಇಳಿಯಿತು, ಈಗ ಪ್ರೆಶರ್. ಪಂಪ್ ಹೊಸದಿದ್ದಾಗ ವಾಲ್ವ್ ಮುಚ್ಚಿದರೆ ಎಷ್ಟು ಬರುತ್ತಿತ್ತೋ ಅಷ್ಟೇ ಈಗಲೂ ಬಂದರೆ ಪಂಪ್ ಗಟ್ಟಿಯಾಗಿದೆ, ದೋಷ ವಾಲ್ವಿನ ಆಚೆ. ಎಲ್ಲೋ ಪೈಪ್ ಒಡೆದಿದೆ ಅಥವಾ ನಾಝಲ್ ಸವೆದಿದೆ. ತುಂಬಾ ಜನಕ್ಕೆ ಇದು ವಿಚಿತ್ರ ಅನಿಸುತ್ತದೆ. ಪೈಪ್ ಒಡೆದರೆ ಪಂಪಿಗೆ ಹಗುರ ಆಗಬೇಕಲ್ವಾ? ಇಲ್ಲ. ತಡೆ ಕಡಿಮೆಯಾದರೆ ನೀರು ಜಾಸ್ತಿ ಹರಿಯುತ್ತದೆ, ಜಾಸ್ತಿ ನೀರು ತಳ್ಳಲು ಜಾಸ್ತಿ ಆಂಪ್ಸ್ ಬೇಕು. ನಾಝಲ್ ತೂತು 10 ಮಿಲಿಮೀಟರ್ ಇದ್ದದ್ದು ಸವೆದು 11 ಆದರೆ ತೂತಿನ ವಿಸ್ತಾರ ನೂರಕ್ಕೆ 21 ಜಾಸ್ತಿಯಾಯಿತು. ಎಲ್ಲ ಸ್ಪ್ರಿಂಕ್ಲರೂ ಹಾಗೇ ಇದ್ದರೆ ಮೋಟರ್ ಟ್ರಿಪ್ ಆಗಲು ಬೇರೇನೂ ಬೇಡ. ಪರೀಕ್ಷೆ ಸುಲಭ. ನಾಝಲ್ ಮೇಲೆ ಬರೆದ ಅಳತೆಯದೇ ಹೊಸ ಡ್ರಿಲ್ ಬಿಟ್ ತೆಗೆದುಕೊಂಡು ಅದರ ಹಿಂಬದಿಯ ನಯವಾದ ಭಾಗವನ್ನು ತೂತಿಗೆ ತೂರಿಸಿ. ಅಲ್ಲಾಡಿದರೆ ನಾಝಲ್ ಬದಲಿಸಿ.

ಮುಚ್ಚಿದ ವಾಲ್ವಿನ ಪ್ರೆಶರೇ ಬಿದ್ದಿದ್ದರೆ ಪಂಪ್ ಸವೆದಿದೆ. ಮೇಲೆ ಹೇಳಿದ ಅದೇ ತೋಟದಲ್ಲಿ ಟ್ರಿಪ್ ನಿಂತ ಮೇಲೂ ಕೊನೆಯ ಸಾಲಿನ ಸ್ಪ್ರಿಂಕ್ಲರ್ ಸರಿಯಾಗಿ ತಿರುಗುತ್ತಿರಲಿಲ್ಲ. ಪಂಪ್ ಕೂರಿಸಿದಾಗ ಮುಚ್ಚಿದ ವಾಲ್ವಿನ ಪ್ರೆಶರ್ 6.2 ಕೆಜಿ ಎಂದು ಗೋಡೆ ಮೇಲೆ ಯಾರೋ ಪುಣ್ಯಾತ್ಮ ಪೆಯಿಂಟಿನಲ್ಲಿ ಬರೆದಿದ್ದ. ಈಗ ಬಂದದ್ದು 5.1. ಬಿಚ್ಚಿದರೆ ಇಂಪೆಲ್ಲರಿನ ಬಾಯಿಯ ಸುತ್ತ ಇರುವ ವೇರ್ ರಿಂಗಿನ ಸಂದು ಹೊಸದಕ್ಕಿಂತ ಮೂರು ಪಟ್ಟು ಅಗಲವಾಗಿತ್ತು. ಪಂಪ್ ಎತ್ತಿದ ನೀರಲ್ಲಿ ಒಂದು ಪಾಲು ಆ ಸಂದಿನಿಂದ ವಾಪಸ್ ಸಕ್ಷನ್‌ಗೇ ಹೋಗುತ್ತಿತ್ತು. ಸಂದು ಎರಡು ಪಟ್ಟಾದಾಗಲೇ ರಿಂಗ್ ಬದಲಿಸುವುದು ರೂಢಿ. ಶಾಫ್ಟಿಗೆ ತೊಡಿಸಿದ ಕೊಳವೆ, ಅಂದರೆ ಸ್ಲೀವ್ ಮೇಲೆ ಪ್ಯಾಕಿಂಗ್ ಕೂರುವ ಜಾಗದಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರುಗಳಿದ್ದವು. ಅಂಥ ಸ್ಲೀವ್‌ಗೆ ಎಷ್ಟು ಹೊಸ ಪ್ಯಾಕಿಂಗ್ ಹಾಕಿದರೂ ವಾರದಲ್ಲಿ ಹರಿದು ಹೋಗುತ್ತದೆ.

ಏಕೆ ಸವೆಯಿತು, ಕೋಟಿಂಗ್ ಬೇಕೇ

ಮಾರ್ಚ್ ಹೊತ್ತಿಗೆ ಕೆರೆಯ ನೀರು ತಳ ಕಾಣುತ್ತದೆ. ಸಕ್ಷನ್ ಪೈಪಿನ ತುದಿಯ ಫುಟ್ ವಾಲ್ವ್ ಕೆಸರಿನ ಮೇಲೇ ಕೂತು ಮರಳನ್ನೂ ಎಳೆಯುತ್ತದೆ. ಆ ಮರಳಿನಲ್ಲಿ ಹೆಚ್ಚಿನದು ಬೆಣಚುಕಲ್ಲಿನ ಪುಡಿ. ಗಟ್ಟಿತನ ಅಳೆಯುವ ವಿಕರ್ಸ್ ಅಂಕಿಯಲ್ಲಿ ಬೆಣಚುಕಲ್ಲು ಸುಮಾರು 1,100. ಎರಕದ ಕಬ್ಬಿಣ, ಸಾಮಾನ್ಯ ಸ್ಟೇನ್‌ಲೆಸ್ ಸ್ಟೀಲ್ 200ರ ಆಸುಪಾಸು. 220 ಮಿಲಿಮೀಟರ್ ಇಂಪೆಲ್ಲರ್ ನಿಮಿಷಕ್ಕೆ 2,880 ಸುತ್ತು ತಿರುಗಿದರೆ ಅದರ ಅಂಚು ಗಂಟೆಗೆ ಸುಮಾರು 120 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಆ ವೇಗದಲ್ಲಿ ಕಲ್ಲಿನ ಪುಡಿ ಉಜ್ಜಿದರೆ ಕಬ್ಬಿಣ ಉಳಿಯುವುದು ಹೇಗೆ?

ಉಜ್ಜಿ ಸವೆಯುವುದಕ್ಕೆ 1953ರಲ್ಲಿ ಆರ್ಚರ್ಡ್ ಎಂಬ ಸಂಶೋಧಕ ಕೊಟ್ಟ ಸೂತ್ರ ಇವತ್ತಿಗೂ ಮೊದಲ ಪಾಠ: ಒತ್ತಡ ಜಾಸ್ತಿಯಾದಷ್ಟೂ, ಉಜ್ಜಿದ ದೂರ ಜಾಸ್ತಿಯಾದಷ್ಟೂ ಸವಕಳಿ ಜಾಸ್ತಿ, ಮೇಲ್ಮೈ ಗಟ್ಟಿಯಾದಷ್ಟೂ ಕಡಿಮೆ. ಗ್ಲ್ಯಾಂಡ್ ಬಿಗಿ ಮಾಡಿದರೆ ಸ್ಲೀವ್ ಯಾಕೆ ಬೇಗ ಹೋಗುತ್ತದೆ ಎಂಬುದಕ್ಕೆ ಉತ್ತರ ಅದರಲ್ಲೇ ಇದೆ. ನೀರಿನ ಜೊತೆ ಬಂದು ಬಡಿಯುವ ಮರಳಿನ ನಡತೆ ಮಾತ್ರ ಬೇರೆ. ಅದರ ಸವಕಳಿ ವೇಗದ ಎರಡೂವರೆಯಿಂದ ಮೂರನೇ ಘಾತಕ್ಕೆ ಏರುತ್ತದೆ. ವೇಗ ನೂರಕ್ಕೆ 10 ಇಳಿಸಿದರೆ ಸವಕಳಿ ಕಾಲು ಭಾಗ ಕಡಿಮೆ. ಇನ್ನೊಂದು ಸಂಗತಿ ಐಯಾನ್ ಫಿನ್ನಿ ಎಂಬ ಸಂಶೋಧಕ 1960ರಲ್ಲಿ ಬಿಡಿಸಿಟ್ಟದ್ದು. ಕಬ್ಬಿಣದಂಥ ಮೆತ್ತನೆ ಲೋಹಕ್ಕೆ ಓರೆಯಾಗಿ ಸವರಿಕೊಂಡು ಹೋಗುವ ಮರಳು ಹೆಚ್ಚು ಕೆತ್ತುತ್ತದೆ. ಗಾಜಿನಂಥ ಬಿರುಸು ವಸ್ತುವಿಗೆ ನೇರ ಬಡಿದ ಏಟೇ ಹೆಚ್ಚು.

ಕೋಟಿಂಗ್ ಎಲ್ಲಿ ಹಾಕಿಸಬೇಕು ಎಂಬುದಕ್ಕೆ ಇದೇ ದಾರಿ. ಸ್ಲೀವ್, ವೇರ್ ರಿಂಗ್ ಕೂರುವ ಜಾಗ, ಇವೆಲ್ಲ ಓರೆ ಉಜ್ಜಾಟ. ಅಲ್ಲಿ ಗಟ್ಟಿ ಕೋಟಿಂಗ್ ಬಾಳುತ್ತದೆ. ಇಂಪೆಲ್ಲರಿನ ಬಾಯಿಯ ಅಂಚಿಗೆ ಮರಳು ನೇರ ಬಡಿಯುತ್ತದೆ. ಅಲ್ಲಿ ಗಟ್ಟಿ ಕೋಟಿಂಗ್ ಚಕ್ಕೆ ಏಳುವುದೇ ಜಾಸ್ತಿ. 10 ಎಚ್‌ಪಿ ಪಂಪಿನ ಇಂಪೆಲ್ಲರಿಗೆ ಕೋಟಿಂಗ್ ಮಾಡಿಸುವುದು ನನ್ನ ಮಟ್ಟಿಗೆ ದಂಡ, ಹೊಸ ಇಂಪೆಲ್ಲರ್ ತರುವುದೇ ಲೇಸು. ಹಿಮಾಚಲದ ಸತ್ಲಜ್ ನದಿಯ 1,500 ಮೆಗಾವ್ಯಾಟ್ ನಾಥ್ಪಾ ಝಾಕ್ರಿ ಸ್ಥಾವರದಲ್ಲಿ ಟರ್ಬೈನ್ ಭಾಗಗಳಿಗೆ ಟಂಗ್‌ಸ್ಟನ್ ಕಾರ್ಬೈಡ್ ಕೋಟಿಂಗ್ ಮಾಡುತ್ತಾರೆ ನಿಜ. ಅಲ್ಲಿ ಹಿಮಾಲಯದ ಮರಳು, ಟರ್ಬೈನ್ ನಿಂತರೆ ನಷ್ಟ ಕೋಟಿಗಳಲ್ಲಿ. ಆ ಲೆಕ್ಕ ನಮಗೆ ಹೊಂದುವುದಿಲ್ಲ.

ಸ್ಲೀವ್‌ಗೆ ಯಾವುದು? ಲೇತ್ ಅಂಗಡಿಯಲ್ಲಿ ಮೊದಲು ಹೇಳುವುದು "ವೆಲ್ಡಿಂಗ್ ತುಂಬಿಸಿ ಟರ್ನ್ ಮಾಡಿಕೊಡ್ತೀವಿ" ಅಂತ. ಶಾಫ್ಟ್ ಮೇಲೇ ಹಾಗೆ ಮಾಡಿಸಬೇಡಿ. ಬಿಸಿಗೆ ಶಾಫ್ಟ್ ಕೂದಲೆಳೆಯಷ್ಟು ಬಾಗಿದರೂ 2,880 ಸುತ್ತಿನಲ್ಲಿ ನಡುಕ ಬರುತ್ತದೆ, ಬೇರಿಂಗ್ ಹೋಗುತ್ತದೆ. ಹಾರ್ಡ್ ಕ್ರೋಮ್ ಪ್ಲೇಟಿಂಗ್ ಅಗ್ಗ, ನುಣುಪು ಚೆನ್ನಾಗಿ ಬರುತ್ತದೆ. ಆದರೆ ಅದರ ಗಟ್ಟಿತನ 800ರಿಂದ 1,000. ಬೆಣಚುಕಲ್ಲಿನ ಮುಂದೆ ಸ್ವಲ್ಪ ಸೋಲುತ್ತದೆ. ಜೊತೆಗೆ ಅದರಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ, ನೀರು ಅಲ್ಲಿಂದ ಇಳಿದು ಅಡಿಯಲ್ಲಿ ತುಕ್ಕು ಹಿಡಿಸುತ್ತದೆ. ಮರಳು ನೀರಿಗೆ ಪ್ಲಾಸ್ಮಾ ಸ್ಪ್ರೇ ಮಾಡಿದ ಕ್ರೋಮಿಯಂ ಆಕ್ಸೈಡ್ ಅಥವಾ ಎಚ್‌ವಿಒಎಫ್ ವಿಧಾನದ ಟಂಗ್‌ಸ್ಟನ್ ಕಾರ್ಬೈಡ್ ಒಳ್ಳೆಯದು. ಎಚ್‌ವಿಒಎಫ್‌ನಲ್ಲಿ ಪುಡಿಯನ್ನು ಶಬ್ದಕ್ಕಿಂತ ವೇಗದ ಜ್ವಾಲೆಯಲ್ಲಿ ಬಡಿದು ಅಂಟಿಸುತ್ತಾರೆ. ಪದರದಲ್ಲಿ ತೂತು ನೂರಕ್ಕೆ 1ರ ಆಸುಪಾಸು, ಗಟ್ಟಿತನ 1,100ರಿಂದ 1,300. ನೀರಿನ ಕೆಲಸಕ್ಕೆ ಬರೀ ಕೋಬಾಲ್ಟ್ ಬೆರೆಸಿದ್ದಕ್ಕಿಂತ 10 ಪಾಲು ಕೋಬಾಲ್ಟ್, 4 ಪಾಲು ಕ್ರೋಮಿಯಂ ಇರುವುದನ್ನು ಕೇಳಿ, ತುಕ್ಕಿಗೆ ಅದು ತಡೆಯುತ್ತದೆ.

ಕೋಟಿಂಗ್ ಆಗಿ ಬಂದ ಸ್ಲೀವನ್ನು ಹಾಗೇ ಹಾಕಬೇಡಿ. ಅಂಚುಗಳನ್ನು ಸ್ವಲ್ಪ ಇಳಿಜಾರು ಮಾಡಿದ್ದಾರಾ ನೋಡಿ, ಚೂಪು ಅಂಚಿನಿಂದಲೇ ಚಕ್ಕೆ ಏಳುವುದು. ಕಾರ್ಬೈಡ್ ಆದರೆ ಡೈಮಂಡ್ ಚಕ್ರದಲ್ಲಿ ಗ್ರೈಂಡ್ ಮಾಡಿರಬೇಕು. ಕೈಗೆ ಒರಟಾಗಿ ಸಿಕ್ಕರೆ ವಾಪಸ್ ಕೊಡಿ, ಆ ಒರಟೇ ಪ್ಯಾಕಿಂಗನ್ನು ಅರದ ಹಾಗೆ ಉಜ್ಜುತ್ತದೆ. "ನಮ್ಮ ಕೋಟಿಂಗ್ ಪಿನ್-ಆನ್-ಡಿಸ್ಕ್ ಟೆಸ್ಟಲ್ಲಿ ಪಾಸ್" ಎಂದು ಯಾರಾದರೂ ಕಾಗದ ತೋರಿಸಿದರೆ ಮರುಳಾಗಬೇಡಿ. ಅದು ಒಣ ಉಜ್ಜಾಟದ ಪರೀಕ್ಷೆ. ಮರಳು ನೀರಿನ ಬಡಿತಕ್ಕೆ ಅದರ ಅಂಕಿ ಏನೂ ಹೇಳುವುದಿಲ್ಲ.

ಇಷ್ಟೆಲ್ಲ ಮಾಡುವ ಮೊದಲು ಫುಟ್ ವಾಲ್ವನ್ನು ಕೆರೆ ತಳದಿಂದ ಎರಡಡಿ ಎತ್ತಿ. ಎರಡು ಡ್ರಮ್ ಕಟ್ಟಿ ತೇಲುವ ಸಕ್ಷನ್ ಮಾಡಿದರೆ ಇನ್ನೂ ಒಳ್ಳೆಯದು. ಯಾವ ಕೋಟಿಂಗ್‌ಗಿಂತಲೂ ಮರಳು ಬಾರದ ನೀರು ಅಗ್ಗ.

ಅಂಕಿ ಬರೆದಿಡುವುದು

ಸವಕಳಿ ನಿಧಾನವಾಗಿ ಬರುತ್ತದೆ, ಕರೆಂಟಿನ ದೋಷ ಒಮ್ಮೆಲೇ ಬರುತ್ತದೆ. ಆದ್ದರಿಂದ ಒಂದು ದಿನದ ಅಂಕಿಗಿಂತ ಎರಡು ಸೀಸನ್ನಿನ ಅಂಕಿ ಹೆಚ್ಚು ಮಾತಾಡುತ್ತದೆ. ಪಂಪ್ ಹೌಸಿನಲ್ಲಿ ಒಂದು ನೋಟ್‌ಬುಕ್ ನೇತು ಹಾಕಿ. ದಿನಕ್ಕೆ ಎರಡು ಸಲ, ಒಂದು ಬೆಳಿಗ್ಗೆ, ಒಂದು ಮಧ್ಯಾಹ್ನ: ಮೂರು ವೋಲ್ಟೇಜ್, ಮೂರು ಆಂಪ್ಸ್, ಪ್ರೆಶರ್. ವಾಲ್ವ್ ಮುಚ್ಚಿದ ಪ್ರೆಶರ್ ಸೀಸನ್ನಿಗೆ ಒಮ್ಮೆ ಸಾಕು. ದೊಡ್ಡ ತೋಟವಾದರೆ ಮೂರು ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಹಾಕಿದ, ಅಂಕಿ ದಾಖಲಿಸುವ ಮಲ್ಟಿಫಂಕ್ಷನ್ ಮೀಟರ್ ಕೂರಿಸಿ, ಅದು ತಾನೇ ಬರೆದಿಟ್ಟುಕೊಳ್ಳುತ್ತದೆ. ಹಾಗೆ ಕೂರಿಸಿದರೆ ಆಂಪ್ಸ್ ಜೊತೆ ಕಿಲೋವ್ಯಾಟನ್ನೂ ನೋಡಿ. ಲೋಡ್ ಕಡಿಮೆಯಾದಾಗ ಪವರ್ ಫ್ಯಾಕ್ಟರ್ ಬೀಳುವುದರಿಂದ ಆಂಪ್ಸ್ ಅಷ್ಟಾಗಿ ಇಳಿಯುವುದಿಲ್ಲ, ಕಿಲೋವ್ಯಾಟ್ ಇಳಿಯುತ್ತದೆ. ಸಕ್ಷನ್‌ನಲ್ಲಿ ಗಾಳಿ ಸೇರಿದ್ದು, ಫುಟ್ ವಾಲ್ವ್‌ಗೆ ಎಲೆ ಕಟ್ಟಿಕೊಂಡದ್ದು ಕಿಲೋವ್ಯಾಟಿನಲ್ಲಿ ಬೇಗ ಸಿಗುತ್ತದೆ.

ಈಚೆಗೆ ಮೋಟರಿನ ವೇಗ ಏರಿಳಿಸುವ ವಿಎಫ್‌ಡಿ ಎಂಬ ಡ್ರೈವ್ ಹಾಕಿದ ಪಂಪ್ ಜಾಸ್ತಿಯಾಗಿವೆ, ಎಸಿ ಮೋಟರಿನ ಸೋಲಾರ್ ಪಂಪಿನಲ್ಲಂತೂ ಅದು ಇದ್ದೇ ಇರುತ್ತದೆ. ಅವುಗಳಲ್ಲಿ ಬೇರಿಂಗ್ ಮೇಲಿಂದ ಮೇಲೆ ಕೂಗಲು ಶುರುವಾದರೆ ಹಳೆಯ ಬೇರಿಂಗ್ ಎಸೆಯಬೇಡಿ. ಕತ್ತರಿಸಿ ಒಳಗಿನ ದಾರಿ ನೋಡಿ. ಒತ್ತೊತ್ತಾಗಿ, ಒಂದೇ ಅಂತರದಲ್ಲಿ ಅಡ್ಡ ಪಟ್ಟೆಗಳಿದ್ದು, ಗ್ರೀಸ್ ಕರ್ರಗಾಗಿದ್ದರೆ ಅದು ಮರಳಿನ ಕೆಲಸ ಅಲ್ಲ. ಶಾಫ್ಟಿನಿಂದ ಬೇರಿಂಗ್ ಮೂಲಕ ಸಣ್ಣ ಸಣ್ಣ ಕಿಡಿ ಹಾರಿ ಲೋಹ ತಿಂದಿದೆ. ಎಷ್ಟು ಒಳ್ಳೆಯ ಗ್ರೀಸ್ ಹಾಕಿದರೂ ನಿಲ್ಲುವುದಿಲ್ಲ. ಮೋಟರಿಗೂ ಡ್ರೈವಿಗೂ ಮಧ್ಯೆ ಶೀಲ್ಡ್ ಕೇಬಲ್ ಹಾಕಿ ಎರಡೂ ಕಡೆ ಅರ್ಥ್ ಸರಿಯಾಗಿ ಮಾಡಿಸಿ. ಅದಕ್ಕೂ ಬಗ್ಗದಿದ್ದರೆ ಶಾಫ್ಟಿಗೆ ಅರ್ಥಿಂಗ್ ಬ್ರಷ್, ಮತ್ತು ಹೊರ ರಿಂಗಿಗೆ ಅಲ್ಯೂಮಿನಾ ಕೋಟಿಂಗ್ ಇರುವ ಬೇರಿಂಗ್. ಆ ಬೇರಿಂಗನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಿದರೆ ಕೋಟಿಂಗ್ ಬಿರುಕು ಬಿಡುತ್ತದೆ, ಕೊಟ್ಟ ದುಡ್ಡು ಅಲ್ಲಿಗೇ ಹೋಯಿತು. ಒಳ ರಿಂಗನ್ನು ಬೇರಿಂಗ್ ಹೀಟರಿನಲ್ಲಿ ಬಿಸಿ ಮಾಡಿ ಶಾಫ್ಟಿಗೆ ಜಾರಿಸುವ ಅಂಗಡಿಗೇ ಕೊಡಿ.